ಅಕ್ಕನ ಕಸೂತಿಯೂ ನನ್ನ ಲಿನಕ್ಸೂ

ಕುಶಾಲನಗರದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅಕ್ಕ ಅದನ್ನು ತನ್ನ ಕಸೂತಿ ಯಂತ್ರಕ್ಕೆಂದು ತಂದಿದ್ದಳು. ರವಿಕೆಗಳಿಗೆ, ಕೊಡವ ಮದುಮಗಳು ತಲೆಗೆ ಹೊದೆಯುವ ಕೆಂಪು ವಸ್ತ್ರದ ಅಂಚಿಗೆ, ಅವಳು ಪರದೆಯ ಮೇಲೆ ಚಿತ್ರ ಬಿಡಿಸಿ ಯಂತ್ರದಲ್ಲಿ ಹೊಲಿಸುತ್ತಿದ್ದಳು. ಅವಳು ಅಡುಗೆಗೆ ಎದ್ದಾಗ ಅದೇ ಕುರ್ಚಿಯಲ್ಲಿ ಕೂತು ನಾನು ಪ್ರೋಗ್ರಾಮಿಂಗ್ ಕಲಿತೆ.

ಮನೆಯಿಂದಲೇ ಮಾಡುವ ಕೆಲಸವೊಂದು ನನಗೆ ಸಿಕ್ಕಿತು. ಮೊದಲ ಮೂರು ತಿಂಗಳು ಪರೀಕ್ಷಾರ್ಥ, ಒಪ್ಪಿಗೆಯಾದರೆ ಕಾಯಂ. ತಂಡದವರೆಲ್ಲ ಲಿನಕ್ಸ್ ಬಳಸುವವರು. ನಮ್ಮ ಹಳೆಯ ವಿಂಡೋಸ್‌ನಲ್ಲಿ ಅವರ ಕೋಡ್ ಓಡಿಸಲು ಹೋಗಿ ಎರಡು ದಿನ ಒದ್ದಾಡಿದೆ. ಇದನ್ನು ತೆಗೆದು ಲಿನಕ್ಸ್ ಹಾಕಲೇ ಎಂದು ಅಕ್ಕನನ್ನು ಕೇಳಿದೆ. ತನ್ನ ಡಿಸೈನ್‌ಗಳು ಉಳಿಯುತ್ತವಾ ಎಂದಷ್ಟೇ ಕೇಳಿದಳು. ಉಳಿಯುತ್ತವೆ ಅಂದೆ. ಅದು ಸುಳ್ಳಲ್ಲ, ಒಂದೊಂದನ್ನೂ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟೆ. ಅವನ್ನು ತೆರೆಯುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಮಾತ್ರ ನೋಡಲಿಲ್ಲ. ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಇಡಬಹುದಿತ್ತು. ಜಾಗ ಕಡಿಮೆ ಇತ್ತು, ನನಗೆ ಪೂರ್ತಿ ಬೇಕಿತ್ತು. ಇಡೀ ಡಿಸ್ಕ್ ಅಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ಹೂಂ ಎಂದು ಒತ್ತಿದೆ.

ಆ ದಿನ ನಾನು ಎಷ್ಟು ಖುಷಿಯಾಗಿದ್ದೆ ಎಂಬುದನ್ನೂ ಹೇಳಬೇಕು. ವೈಫೈ ತಾನಾಗಿ ಹಿಡಿಯಿತು. ಟರ್ಮಿನಲ್‌ನಲ್ಲಿ ನಾಲ್ಕು ಸಾಲು ಬರೆದರೆ ಬೇಕಾದ್ದೆಲ್ಲ ಬಂದು ಕೂರುತ್ತಿತ್ತು. ಕೋಡ್ ಬರೆಯುವ ಎಡಿಟರ್‌ನ ಬಣ್ಣ, ಅಕ್ಷರದ ಗಾತ್ರ, ಶಾರ್ಟ್‌ಕಟ್‌ಗಳು, ಎಲ್ಲವನ್ನೂ ನನ್ನ ಕೈಗೆ ಒಗ್ಗಿಸಿಕೊಂಡೆ. ಸಂಜೆಯೊಳಗೆ ತಂಡದ ಕೋಡ್ ಓಡಿತು.

ಮಾರನೇ ದಿನ ಅಕ್ಕನ ತಂತ್ರಾಂಶ ಹಾಕಲು ನೋಡಿದೆ. ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಒಂದು ಉಪಾಯವಿದೆ. ಅದರಲ್ಲಿ ತೆರೆದುಕೊಂಡಿತು, ಆದರೆ ಲೈಸೆನ್ಸ್ ಒಪ್ಪಲಿಲ್ಲ. ಉಚಿತವಾಗಿ ಸಿಗುವ ಇನ್ನೊಂದನ್ನು ಹಾಕಿಕೊಟ್ಟು, ಇದೂ ಅದೇ ಥರ, ಕಲಿತುಕೋ ಅಂದೆ. ನನ್ನ ಕೆಲಸದ ಬಿಡುವಿನಲ್ಲಿ ಕೂತು ಅವಳು ತಡಕಾಡುತ್ತಿದ್ದಳು. ಏನಾದರೂ ಕೇಳಿದರೆ ಆಮೇಲೆ ಅನ್ನುತ್ತಿದ್ದೆ. ಕೆಲವು ದಿನಗಳಲ್ಲಿ ಕೇಳುವುದನ್ನೇ ಬಿಟ್ಟಳು. ಅಭ್ಯಾಸವಾಯಿತು ಎಂದುಕೊಂಡೆ.

ಒಂದು ಮಧ್ಯಾಹ್ನ ಗಾಳಿಬೀಡಿನಿಂದ ಒಬ್ಬ ಹೆಂಗಸು ಬಂದರು. ಮಗಳ ಮದುವೆಯ ವಸ್ತ್ರವನ್ನು ಅಕ್ಕನಿಗೆ ಕೊಟ್ಟಿದ್ದರು. ನಾನು ಒಳಕೋಣೆಯಲ್ಲಿ ಮೀಟಿಂಗ್‌ನಲ್ಲಿದ್ದೆ, ಹೆಡ್‌ಫೋನ್ ಒಂದೇ ಕಿವಿಯಲ್ಲಿತ್ತು. ಹೊಲಿಗೆ ಒತ್ತೊತ್ತಾಗಿ ಬಿದ್ದು ಅಂಚು ಸುಕ್ಕುಗಟ್ಟಿದೆ, ಒಂದು ಕಡೆ ರೇಷ್ಮೆಯೇ ಹರಿದಿದೆ ಎಂದು ಅವರ ಮಾತಿನಿಂದ ತಿಳಿಯಿತು. ಅವರು ದನಿ ಏರಿಸಲಿಲ್ಲ.

"ನಿಮ್ಮ ಕೈಕೆಲಸ ಯಾವತ್ತೂ ಹೀಗೆ ಆಗ್ಲಿಲ್ಲ ಅಲ್ವಾ. ಇದು ನನ್ನ ಅಮ್ಮಂದು. ವೆಡ್ಡಿಂಗ್ ಬರೋ ವಾರ."

"ನಂದೇ ತಪ್ಪು ಆಂಟಿ. ಡಿಸೈನ್ ಹಾಕೋವಾಗ ಸರಿಯಾಗಿ ನೋಡ್ಲಿಲ್ಲ," ಅಂದಳು ಅಕ್ಕ.

ಎದ್ದು ಹೊರಗೆ ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅದೇ ಹೊತ್ತಿಗೆ ಮೀಟಿಂಗ್‌ನಲ್ಲಿ ಹೊಸ ಸಿಸ್ಟಮ್ ಹೇಗಿದೆ ಎಂದು ನನ್ನನ್ನು ಕೇಳಿದರು. ಮೈಕ್ ಹಾಕಿ, ತುಂಬಾ ಚೆನ್ನಾಗಿದೆ ಅಂದೆ. ಹೊರಗೆ ಗೇಟು ಮುಚ್ಚಿದ ಸದ್ದಾಯಿತು.

ಸಂಜೆ ಅಕ್ಕ ಯಂತ್ರಕ್ಕೆ ಹೊದಿಕೆ ಹಾಕುತ್ತಿದ್ದಳು. ಹೊಸ ತಂತ್ರಾಂಶದಲ್ಲಿ ಹೊಲಿಗೆಯ ಅಂತರ ಸರಿಹೊಂದಿಸಲು ಆಗುತ್ತಿಲ್ಲ ಎಂದು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ನಿನ್ ಮೂರ್ ತಿಂಗ್ಳು ಮುಗೀಲಿ ಅಂತ ಸುಮ್ನಿದ್ದೆ ಕಣೆ."

ನಾನು ಎಲ್ಲವನ್ನೂ ಕೇಳಿಸಿಕೊಂಡೂ ಹೊರಗೆ ಬರಲಿಲ್ಲ ಎಂದು ಹೇಳಿದೆ.

"ಗೊತ್ತು. ಬಾಗ್ಲು ತೆರ್ದೇ ಇತ್ತಲ್ಲ," ಅಂದು ಹಾಲು ಕಾಯಿಸಲು ಹೋದಳು.

ಆ ವಾರವೇ ಇನ್ನೊಂದು ಡಿಸ್ಕ್ ತಂದು ಅದಕ್ಕೆ ವಿಂಡೋಸ್ ಹಾಕಿದೆ. ಮೊದಲೇ ಮಾಡಬಹುದಾಗಿದ್ದ ಆ ಕೆಲಸ ಒಂದು ಬೆಳಗಿನಲ್ಲಿ ಮುಗಿಯಿತು. ಅಕ್ಕನ ತಂತ್ರಾಂಶದ ಲೈಸೆನ್ಸ್ ಮತ್ತೆ ಬರಲು ಮಾತ್ರ ತಡವಾಯಿತು. ಅಷ್ಟರಲ್ಲಿ ಮದುವೆಗಳು ಮುಗಿದು ಮಳೆ ಹಿಡಿದಿತ್ತು. ನನ್ನ ಕೆಲಸ ಕಾಯಂ ಆಯಿತು. ಅಕ್ಕ ಪಾಯಸ ಮಾಡಿದಳು.

ಕೊನೆಗೆ ಧೈರ್ಯ ಮಾಡಿ ಗಾಳಿಬೀಡಿನವರಿಗೆ ಫೋನ್ ಮಾಡಿ, ತಪ್ಪು ಅಕ್ಕನದಲ್ಲ, ನನ್ನದು ಎಂದು ನಡೆದದ್ದೆಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಮದುವೆ ಮುಗೀತಲ್ಲ ಮಗಾ. ಅದನ್ನ ಅವತ್ತು ನಿನ್ನ ಅಕ್ಕನ ಪಕ್ಕ ನಿಂತು ಹೇಳ್ಬೇಕಿತ್ತು."

ಹೌದು ಅಂದೆ. ಅವರು ಆಮೇಲೆ ನಮ್ಮ ಮನೆಗೆ ಬರಲಿಲ್ಲ.