ಅವ್ವನ ಇಳಕಲ್ಲು, ರೇಷ್ಮಾಳ ಕಚ್ಚೆ

ಅವ್ವನ ಇಳಕಲ್ ಸೀರೆ ಮುಂಬೈಯ ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಕುಣಿಯುತ್ತಿತ್ತು! ಪರೇಲಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಲೋಕಲ್ ರೈಲು ಇಳಿದು ಬಂದವಳು ನಿಂತಲ್ಲೇ ನಿಂತೆ. ಒಂದು ಬದಿ ಬೋಳಿಸಿದ ತಲೆ, ಮೂಗಿಗೆ ರಿಂಗು, ಕಾಲಿಗೆ ದಪ್ಪ ಬೂಟು. ನಡುವೆ ಅವ್ವನ ಕೆಂಪು ಸೆರಗು. ಉಟ್ಟವಳು ನಾನಿರುವ ಬಾಡಿಗೆ ಕೋಣೆಯ ಮಾಲೀಕರ ಮಗಳು ರೇಷ್ಮಾ. ಸುತ್ತ ಅವಳಂಥ ಹುಡುಗ ಹುಡುಗಿಯರು, ರ‍್ಯಾಪ್ ಹಾಡು, ಜನವೋ ಜನ.

"ಯಾರನ್ನ ಕೇಳಿ ನನ್ನ ಟ್ರಂಕಿಗೆ ಕೈ ಹಚ್ಚಿದಿ?" ಅಂದೆ.

"ಸಾರಿ ಅಕ್ಕಾ... ಪಪ್ಪಾ ಫಟಾ, ಹರಕ ಜೀನ್ಸ್ ಬ್ಯಾಡ ಅಂತಾರ, ಶಾರ್ಟ್ಸ್ ಬ್ಯಾಡ ಅಂತಾರ. ಸಾಡಿಗೆ ಏನ್ ಅಂತಾರ? ಕುಛ್ ನಹೀ, ಏನೂ ಅನ್ನಂಗಿಲ್ಲ!"

ಅವಳ ಅಪ್ಪ ವಿಜಯಪುರದ ಕಡೆಯವರು. ಇಲ್ಲೇ ಹುಟ್ಟಿದ ಇವಳ ಕನ್ನಡ ಎರಡು ಮಾತಿಗೊಮ್ಮೆ ಹಿಂದಿಗೆ ಜಾರುತ್ತದೆ.

ನಮ್ಮೂರಲ್ಲಿ ಪ್ಯಾಂಟ್ ಹಾಕುವುದೇ ಬಂಡಾಯ. "ಅಲ್ಲಿ ಹೋಗಿ ಪ್ಯಾಂಟ್ ಏರಿಸಿದಿ ಅಂದ್ರ ನೌಕರಿ ಬಿಡಿಸಿ ಕರಕೊಂಡ ಬರ್ತೀನಿ" ಎಂದು ಅವ್ವ ಬಸ್ ಹತ್ತಿಸುವಾಗಲೇ ಹೇಳಿದ್ದಳು. ಬಂದ ವಾರದೊಳಗೆ ಜೀನ್ಸ್ ಕೊಂಡೆ. ವಿಡಿಯೊ ಕಾಲ್ ಬಂದರೆ ಕುತ್ತಿಗೆಯ ತನಕ ಮಾತ್ರ ತೋರಿಸುತ್ತೇನೆ. ನನ್ನ ಆ ಬಂಡಾಯವನ್ನು ಇಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವ್ವ ಕೊಟ್ಟು ಕಳಿಸಿದ್ದ, ಟ್ರಂಕಿನ ತಳಕ್ಕೆ ತುರುಕಿದ್ದ ಸೀರೆ ನೋಡಲು ಜನ ಮುಗಿಬಿದ್ದಿದ್ದರು. ಎಂಥಾ ಊರಪ್ಪಾ ಇದು!

ಅಷ್ಟರಲ್ಲಿ ರೇಷ್ಮಾಳ ನಿರಿಗೆ ಜಾರಿತು. ಸಿಟ್ಟು ಮರೆತು, "ಕಚ್ಚಿ ಹಾಕ್ಕೋ ಹುಚ್ಚಿ, ಕಚ್ಚಿ!" ಎಂದು ಕೂಗಿಬಿಟ್ಟೆ. ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿಯಲ್ಲಿ ಕಚ್ಛೀ ಅಂದರೆ ಒಳಚಡ್ಡಿಯಂತೆ! ನಾಚಿಕೆಯಿಂದ ಸತ್ತೇ ಹೋದೆ.

ಆದರೂ ಅವಳ ಹಿಂದೆ ಜೀನ್ಸಿನಲ್ಲೇ ಕುಕ್ಕರಗಾಲಲ್ಲಿ ಕೂತೆ. ಹೊಲಕ್ಕೆ ಹೋಗುವಾಗ ಅವ್ವ ಉಡುವ ಹಾಗೆ ನಿರಿಗೆಯನ್ನು ಕಾಲ ಸಂದಿಯಿಂದ ಹಿಂದಕ್ಕೆಳೆದು ಬಿಗಿಯಾಗಿ ಸಿಕ್ಕಿಸಿದೆ. ರೇಷ್ಮಾ ಹುಡ್ಡಿಯ ಟೋಪಿ ಏರಿಸಿದಂತೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಬೆನ್ನು ಕೊಟ್ಟು ನಿಂತು, ನಾನು ಪಕ್ಕಕ್ಕಿಟ್ಟಿದ್ದ ಫೋನಿನಲ್ಲೇ ಗೆಳತಿಯಿಂದ ನಮ್ಮಿಬ್ಬರ ಬೆನ್ನಿನ ಫೋಟೊ ತೆಗೆಸಿದಳು. ನಾನು ಎದ್ದು ತಡೆಯುವಷ್ಟರಲ್ಲಿ 'ಅವ್ವ' ಎಂದಿದ್ದ ನಂಬರಿಗೆ ಕಳಿಸಿಯೂ ಆಗಿತ್ತು.

ಕೂಡಲೇ ಫೋನ್ ಬಂತು.

"ಯವ್ವಾ, ನನ್ನ ಸೀರಿ ಉಟ್ಟು ಕಚ್ಚಿ ಹಾಕೀಯಲ್ಲ, ಕಣ್ಣಿಗೆ ತಂಪಾತು ನೋಡು! ಮುಂಬೈಗೆ ಹೋಗಿ ಕೆಡ್ತಿ ಅಂತ ಅಂಜಿದ್ನಿ." ಅವ್ವನ ದನಿ ಒದ್ದೆಯಾಗಿತ್ತು. "ಮತ್ತ, ನಿನ್ನ ಹಿಂದ ಪ್ಯಾಂಟ್ ಹಾಕ್ಕೊಂಡು ಕುಂತಾಳಲ್ಲ, ಅಕಿ ಯಾರ?"

ರೇಷ್ಮಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಕೀನಾ?" ಅಂದೆ. "ಅಕಿ ಇಲ್ಲೀ ಹುಡುಗಿ, ಅವ್ವಾ."