ಅಳತೆಯಮ್ಮ ಅಳಿಸಿದ ಅಂಕಿ

ಬೆಳಗಿನ ಆರೂವರೆ. ಮಕ್ಕಳ ಆಸ್ಪತ್ರೆಯ ಕಾರಿಡಾರಿನಲ್ಲಿ ಒರೆಸಿದ ನೆಲ ಇನ್ನೂ ಒಣಗಿಲ್ಲ. ಬಾಗಿಲು ತೆರೆದದ್ದೇ ತಡ, ಅಳತೆಯಮ್ಮ ಒಂದು ಮೀಟರಿನ ಉಕ್ಕಿನ ಕೋಲು ಹಿಡಿದು, ಗೋಡೆಗೆ ಬಡಿದಿರುವ ಎತ್ತರದ ಪಟ್ಟಿಯನ್ನೇ ಅಳೆಯುತ್ತಾರೆ. ಮಕ್ಕಳ ಸರದಿ ಆಮೇಲೆ.

ಇಪ್ಪತ್ತೆರಡು ವರ್ಷದ ಕೆಲಸ, ದಿನಕ್ಕೆ ನೂರಿಪ್ಪತ್ತು ಮಕ್ಕಳು. ಚಪ್ಪಲಿ ಬಿಚ್ಚಿಸಿ, ಜುಟ್ಟು ಸಡಿಲಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಅಳುವವರನ್ನು ಪುಸಲಾಯಿಸಿ ಅಳೆಯುವುದು ಹುಡುಗಾಟವಲ್ಲ. ಹೆಸರು ಡಾಕ್ಟರರಿಗೆ, ಒದೆ ಇವರಿಗೆ.

ಪಟ್ಟಿಯನ್ನು ಅಳೆಯುವ ರೂಢಿ ಮಾತ್ರ ಎರಡು ವರ್ಷದ್ದು. ಅದರ ಹಿಂದೆ ಒಂದು ತಪ್ಪಿದೆ, ಅದನ್ನವರು ಮುಚ್ಚಿಡುವುದಿಲ್ಲ. ಆರು ವರ್ಷದ ಹುಡುಗನೊಬ್ಬ ಕೆಮ್ಮಿಗೆಂದು ಬಂದಿದ್ದ. ಆರೇ ತಿಂಗಳಲ್ಲಿ ಏಳು ಸೆಂಟಿಮೀಟರ್ ಬೆಳೆದಿದ್ದ. ಹಾಗೂ ಉಂಟೇ, ಪಟ್ಟಿ ಜಾರಿರಬೇಕೆಂದು ಇವರು ಅವನ ಕಾರ್ಡಿನಲ್ಲಿ ಅಂಕಿಯನ್ನು ಇಳಿಸಿ ಬರೆದರು.

“ನನ್ನ ಕಣ್ಣನ್ನೇ ನಾನು ನಂಬ್ಲಿಲ್ಲ. ರಬ್ಬರಲ್ಲಿ ಉಜ್ಜಿಬಿಟ್ಟೆ.”

ಮೂರು ತಿಂಗಳಿಗೆ ಹುಡುಗ ಮತ್ತೆ ಬಂದ. ಮಗ ಸೋದರಮಾವನ ಹಾಗೆ ಆಳೆತ್ತರ ಆಗುತ್ತಾನೆಂದು ತಾಯಿಗೆ ಹಿಗ್ಗೋ ಹಿಗ್ಗು. ಅವನ ಮೂಗಿನ ಕೆಳಗೆ ಕಪ್ಪು ನವಿರು, ದನಿ ಒಡೆದು ಗಂಡಸಿನದಾಗಿತ್ತು. ಅಳತೆಯಮ್ಮ ಕಾರ್ಡು ಹಿಡಿದು ಸೀದಾ ಹಿರಿಯ ಡಾಕ್ಟರ ಬಳಿ ಹೋಗಿ, ಅಳಿಸಿದ್ದನ್ನೂ ಒಪ್ಪಿಕೊಂಡರು. ಮೆದುಳಿನಲ್ಲೊಂದು ಗಡ್ಡೆ ಹಾರ್ಮೋನು ಸುರಿಸುತ್ತ, ಹಾಲುಹಲ್ಲಿನ ಹುಡುಗನನ್ನು ಹರೆಯಕ್ಕೆ ದಬ್ಬುತ್ತಿದೆಯೆಂದು ಸ್ಕ್ಯಾನು, ರಕ್ತಪರೀಕ್ಷೆ ಹೇಳಿದವು. ಇವರನ್ನು ಯಾರೂ ಬೈಯಲಿಲ್ಲ.

“ಬೈದಿದ್ರೆ ಹಗುರ ಆಗ್ತಿತ್ತು. ಆ ಮೂರು ತಿಂಗಳು ನನ್ನ ಲೆಕ್ಕಕ್ಕೇ.”

ಚಿಕಿತ್ಸೆ ಮುಗಿದು ವರ್ಷವಾಗಿದೆ. ಗಡ್ಡೆ ಮತ್ತೆ ತಲೆಯೆತ್ತಿದರೆ ಎತ್ತರವೂ ಸುಳಿವು ಕೊಡಬಹುದು, ಅದಕ್ಕೇ ಮೂರು ತಿಂಗಳಿಗೊಮ್ಮೆ ಅಳತೆ. ಇವತ್ತು ಅವನ ಸರದಿ. ಹುಡುಗ ಬಂದವನೇ ಕಳ್ಳತನದಿಂದ ತುದಿಗಾಲಲ್ಲಿ ನಿಲ್ಲುತ್ತಾನೆ. ಅವನ ಹಿಮ್ಮಡಿ ಒತ್ತಿಸಿ ಒಮ್ಮೆ ಅಳೆಯುತ್ತಾರೆ, ಆಚೆ ಸರಿಸಿ, ಮತ್ತೆ ನಿಲ್ಲಿಸಿ ಇನ್ನೊಮ್ಮೆ ಅಳೆಯುತ್ತಾರೆ. ಎರಡು ಸಲವೂ ಅದೇ ಅಂಕಿ. ಮೂರು ತಿಂಗಳಿಗೆ ಒಂದೇ ಸೆಂಟಿಮೀಟರ್, ಅವನ ವಯಸ್ಸಿಗೆ ತಕ್ಕಷ್ಟು.

ಹುಡುಗನ ಮುಖ ಸಣ್ಣದಾಗುತ್ತದೆ. ತಾಯಿ ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಾಳೆ. ಅಳತೆಯಮ್ಮ ಪೆನ್ನಿನಲ್ಲೇ ಅಂಕಿ ಬರೆಯುತ್ತಾರೆ. ಪೆನ್ಸಿಲು ಬಿಟ್ಟೂ ಎರಡು ವರ್ಷವಾಯಿತು.

“ನಿಧಾನಕ್ಕೆ ಬೆಳಿ ಕಂದಾ, ಅವಸರ ಏನಿಲ್ಲ. ನಾನು ರಿಟೈರ್ ಆಗೋಕೆ ಇನ್ನೂ ಎಂಟು ವರ್ಷ ಇದೆ. ಆವತ್ತು ನನಗಿಂತ ಒಂದು ಗೆರೆ ಮೇಲಿರು, ಸಾಕು.”