ಹಾಡುತ್ತಿದ್ದ ರೇಡಿಯೋ ನಿಲ್ಲಿಸಿದವರು

ಚಿಕ್ಕಜಾಜೂರಿನ ಸ್ಟೇಷನ್ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಕರೆಂಟ್ ಹರಿಯುವ ಸೆಟ್ಟಿಗೆ ಕೈ ಹಾಕುವಾಗ ಶಾಕ್ ಎದೆಗೆ ಹಾಯದಿರಲೆಂದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಯಾವ ಬಿಡಿಭಾಗ ಎತ್ತಿಕೊಂಡರೂ, "ಮೇಲೆ ಬರೆದಿದ್ದು ಓದಿ ಹಾಕ್ಬೇಕಪ್ಪ, ಅಂದಾಜಿಗೆ ಹಾಕ್ಬಾರ್ದು" ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವ್ವನ ಹಳೇ ವಾಲ್ವ್ ರೇಡಿಯೋ ಬರೀ ಗುಂಯ್ ಅನ್ನತೊಡಗಿತು. ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗ ಒಣಗಿದೆಯೆಂದು ಅವರು ಹೊಸದು ಹಾಕಿದರು. ನಾನು ತರಲು ಹೋದ ದಿನ ರೇಡಿಯೋ ಚೆನ್ನಾಗಿಯೇ ಹಾಡುತ್ತಿತ್ತು. ಕನ್ನಡಕ ಏರಿಸಿ ಒಳಗೆ ಬಗ್ಗಿ ನೋಡಿದವರು ತಟ್ಟನೆ ಪ್ಲಗ್ ಕಿತ್ತರು.

"ನಾನೂರೈವತ್ತು ವೋಲ್ಟಿಂದು ಬೇಕಿತ್ತು. ಇನ್ನೂರೈವತ್ತರದು ಹಾಕ್ಬಿಟ್ಟೀನಿ. ಇದು ತಡೆಯಲ್ಲ."

"ಹಾಡ್ತೈತಲ್ರೀ, ಇರ್ಲಿ ಬಿಡ್ರಿ. ಅವ್ವ ಕಾಯ್ಕಂಡು ಕುಂತೈತೆ."

"ಇವತ್ತು ಹಾಡ್ತೈತೆ. ನಾಳೆ ಟ್ರಾನ್ಸ್‌ಫಾರ್ಮರ್ ಸುಟ್ರೆ ಎಲ್ಲಿಂದ ತರ್ತೀಯಪ್ಪ, ಮಾವನ ಮನೆಯಿಂದನಾ? ಅಂಥದ್ದು ಈಗ ಎಲ್ಲೂ ಸಿಗಲ್ಲ."

ಸರಿಯಾದದ್ದು ಅಂಗಡಿಯಲ್ಲಿರಲಿಲ್ಲ. ಹಾಕಿದ್ದನ್ನು ಬಿಚ್ಚಿಟ್ಟು ನನ್ನನ್ನು ಬರಿಗೈಲಿ ಕಳಿಸಿದರು.

ಅವ್ವ ಬಾಗಿಲಲ್ಲೇ ಕೇಳಿದಳು: "ರಿಪೇರಿ ಆಗ್ಲಿಲ್ವೇನೋ?"

"ಆಗಿತ್ತವ್ವ, ಹಾಡ್ತಾನೂ ಇತ್ತು. ತಪ್ಪು ಹಾಕೀನಿ ಅಂತ ಅವರೇ ಬಿಚ್ಚಿದ್ರು."

ರೇಡಿಯೋ ಇಡಲೆಂದು ಒರೆಸಿಟ್ಟಿದ್ದ ಮೇಜಿಗೆ ಅವ್ವ ಮತ್ತೆ ಬಟ್ಟೆ ಹೊದಿಸಿದಳು.

"ತಪ್ಪು ಅಂತ ಅವರೇ ಅಂದ್ರಾ? ಹಂಗಾದ್ರೆ ಅಲ್ಲೇ ಇರ್ಲಿ ಬಿಡು. ಅವಸರ ಮಾಡಬ್ಯಾಡ."